ಹುಳದ ಮನೆಗಿದ್ದ ಕಾಳಜಿ

 
ಇಂದಿನ ಚಿಂತನೆ

ನಾನು ನರ್ಸಿಂಗ್ ವಿದ್ಯಾರ್ಥಿನಿ. ವಾರ್ಡ್ ತರಬೇತಿಯಲ್ಲಿ ಮೊದಲು ಕಲಿತದ್ದು ಎರಡು ವಿಷಯ. ಸೋಪು ಹಾಕಿ 40ರಿಂದ 60 ಸೆಕೆಂಡು ಕೈ ತೊಳೆಯಬೇಕು. ತಾನಾಗಿ ಹೊರಳಲಾಗದ ರೋಗಿಯನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಭಾರ ಬಿದ್ದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ಅದನ್ನು ಕೇಳಿದಾಗ ಉಯ್ಯಂಬಳ್ಳಿಯ ನಮ್ಮ ಮನೆ ನೆನಪಾಗಿ ತಲೆ ತಗ್ಗಿಸಿದೆ. ನಮ್ಮದು ರೇಷ್ಮೆ ಸಾಕುವ ಮನೆ. ಕೈಕಾಲು ತೊಳೆಯದೆ ಹುಳದ ಮನೆಗೆ ಯಾರೂ ಹೋಗುವಂತಿಲ್ಲ. ಹುಳ ಜ್ವರಕ್ಕೆ ಕೂತರೆ ಮನೆಮಂದಿಗೆಲ್ಲ ಆತಂಕ. ಜ್ವರದಿಂದ ಎದ್ದರೆ ರಾತ್ರಿಯೂ ಸೊಪ್ಪು ಹಾಕುತ್ತೇವೆ, ಹೊತ್ತಿಗೆ ಸರಿಯಾಗಿ ಕಸ ತೆಗೆಯುತ್ತೇವೆ.

ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿದಲ್ಲೇ ಇದ್ದಳು. ಸೊಂಟದ ಕೆಳಗೆ ಹುಣ್ಣಾಗಿತ್ತು. 'ವಯಸ್ಸಾದ ಮೇಲೆ ಹಾಗೇ' ಅಂದುಕೊಂಡೆವು. ಬಟ್ಟೆ ಬದಲಿಸಲು ಅಸಹ್ಯಪಟ್ಟು ನಾನು ಎಷ್ಟೋ ಸಲ ನೆಪ ಹೇಳಿದ್ದೇನೆ. ಅವಳೇ, "ನನ್ನ ಬುಡು ಮಗ, ಹೋಗಿ ಹುಳಕ್ಕೆ ಸೊಪ್ಪು ಹಾಕು" ಅನ್ನುತ್ತಿದ್ದಳು.

ನಮಗೆ ಆರೈಕೆ ಗೊತ್ತಿರಲಿಲ್ಲ ಎಂದಲ್ಲ. ಹುಳ ಗೂಡು ಕಟ್ಟಿದರೆ ರಾಮನಗರದ ಮಾರುಕಟ್ಟೆಯಲ್ಲಿ ದುಡ್ಡು. ಅಜ್ಜಿಯಿಂದ ಏನು ಬರಬೇಕಿತ್ತು?

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧರು ಕಂಡರು. ಯಾರೂ ಏಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದರು. ತನ್ನಿಂದ ಬೇರೆ ಭಿಕ್ಷುಗಳಿಗೆ ಉಪಯೋಗವಿಲ್ಲ, ಅದಕ್ಕೇ ಎಂದನಾತ. ಆನಂದ ನೀರು ತಂದರು. ಬುದ್ಧರು ನೀರು ಹಾಕಿದರು, ಆನಂದ ತೊಳೆದರು. ಇಬ್ಬರೂ ಸೇರಿ ಅವನನ್ನೆತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು ಆಮೇಲೆ ಭಿಕ್ಷುಗಳಿಗೆ ತಿಳಿಸಿದರು. ಆರೈಕೆ ಮಾಡುವವರಿಗೆ ಐದು ಗುಣಗಳನ್ನೂ ಹೇಳಿದರು: ಔಷಧ ಸಿದ್ಧಪಡಿಸಲು ಬರಬೇಕು, ರೋಗಿಗೆ ಒಗ್ಗುವುದು ಒಗ್ಗದ್ದು ತಿಳಿದಿರಬೇಕು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡಬೇಕು, ಮಲಮೂತ್ರಕ್ಕೆ ಹೇಸಬಾರದು, ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು.

ಮೊದಲೆರಡನ್ನು ಕಾಲೇಜು ಕಲಿಸುತ್ತದೆ. ಹೇಸಿಗೆಯೂ ದಿನ ಕಳೆದಂತೆ ಕಡಿಮೆಯಾಗುತ್ತದೆ. ಕಷ್ಟವಾದದ್ದು ಮೂರನೆಯದು. ವಾರ್ಡಿನಲ್ಲೂ ನನ್ನ ಕೆಲಸಕ್ಕೆ ಅಂಕವಿದೆ, ಮೇಡಂ ಸಹಿಯಿದೆ. ಹಾಗಾದರೆ ನನ್ನದು ಮೈತ್ರಿಯೋ, ಲಾಭವೋ? ಸಹಿ ಹಾಕಿ ಮೇಡಂ ಹೋದ ಮೇಲೆ, ಯಾರೂ ನೋಡದಾಗ ರೋಗಿಯ ಮಗ್ಗುಲು ಬದಲಿಸುತ್ತೇನೆಯೇ ಎಂಬುದರಲ್ಲಿ ಉತ್ತರವಿದೆ.

ಅಜ್ಜಿ ಈಗಿಲ್ಲ. ನಿಮ್ಮ ಮನೆಯಲ್ಲಿ ಹಾಗೆ ಮಲಗಿದವರಿದ್ದರೆ ಇವತ್ತೇ ಕೈ ತೊಳೆದು ಹತ್ತಿರ ಹೋಗಿ. ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಎರಡು ಮಾತಾಡಿ.

ಭವತು ಸಬ್ಬ ಮಂಗಲಂ. 🪷