ಮಿಕ್ಕ ನೆಲವು ಯಾರದು?

ನಗರಸಭೆಯಾಗಲಿ ಗ್ರಾಮ ಪಂಚಾಯತಿಯಾಗಲಿ ತನ್ನ ವಶದಲ್ಲಿರುವ ನೆಲದಲ್ಲಿ ಒಂದು ಪಾಲು ಇನ್ನು ಬೇಕಾಗಿಲ್ಲವೆಂದು ಕಂಡಾಗ ಅದನ್ನು ಏನು ಮಾಡತಕ್ಕದ್ದು? ಹೆಚ್ಚು ಹಣ ಕೊಡುವವನಿಗೆ ಮಾರಬೇಕೋ, ಮನೆಯಿಲ್ಲದವನಿಗೆ ಕಡಿಮೆ ಬೆಲೆಗೆ ಬಿಟ್ಟುಕೊಡಬೇಕೋ? ಇದು ಬರೀ ಲೆಕ್ಕದ ಮಾತೆಂದು ಅನೇಕರು ಎಣಿಸುತ್ತಾರೆ. ನಾವಾದರೋ ಇದನ್ನು ನ್ಯಾಯಾನ್ಯಾಯಗಳ ಪ್ರಶ್ನೆಯೆಂದೇ ತಿಳಿಯುತ್ತೇವೆ. ಯಾಕಂದರೆ ಪಂಚಾಯತಿಯವರು ಆ ನೆಲಕ್ಕೆ ಒಡೆಯರಲ್ಲ, ಪಾರುಪತ್ಯಗಾರರು ಮಾತ್ರ.

ಇಂಗ್ಲೆಂಡಿನ 1972ರ ಸ್ಥಳೀಯ ಸರಕಾರಗಳ ಕಾಯಿದೆಯ 123ನೆಯ ಕಲಮಿನ ಪ್ರಕಾರ, ಅಲ್ಪಕಾಲದ ಗೇಣಿಯ ಹೊರತು, ಸಿಕ್ಕಬಹುದಾದ ಉತ್ತಮ ಬೆಲೆಗಿಂತ ಕಡಿಮೆಗೆ ನೆಲವನ್ನು ಕೊಡಬೇಕಾದರೆ ಮಂತ್ರಿಯ ಅಪ್ಪಣೆ ಬೇಕು. ಇದರಲ್ಲಿ ನ್ಯಾಯವುಂಟು. ಅಧಿಕಾರದಲ್ಲಿರುವವನು ತನ್ನ ಅಳಿಯನಿಗೆ ಅಗ್ಗವಾಗಿ ಕೊಟ್ಟರೆ ನಷ್ಟವು ಕಂದಾಯ ಕೊಡುವ ಎಲ್ಲರದಲ್ಲವೇ? ಆದಾಗ್ಯೂ ಜನರ ಕ್ಷೇಮಕ್ಕೆ ಅನುಕೂಲವಾಗುವಲ್ಲಿ 20 ಲಕ್ಷ ಪೌಂಡುಗಳ ವರೆಗೆ ಬೆಲೆ ತಗ್ಗಿಸಬಹುದೆಂದು 2003ರಲ್ಲಿ ಸಾಮಾನ್ಯ ಅಪ್ಪಣೆಯಾಯಿತು. ಬೆಲೆಯನ್ನು ಕಾಯುವ ಕಾಯಿದೆಯೇ ಬೆಲೆಗಿಂತ ಮೇಲಾದದ್ದು ಉಂಟೆಂದು ಒಪ್ಪಿಕೊಂಡಂತಾಯಿತು.

ಅಮೇರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು ಬೇರೊಂದು ದಾರಿಯನ್ನು ಹಿಡಿದಿದೆ. 1968ರಲ್ಲಿ ಹುಟ್ಟಿ 2019ರಲ್ಲಿ ಬಲಗೊಂಡ ಅಲ್ಲಿನ ಕಾಯಿದೆಯಂತೆ, ನೆಲವು ಮಿಕ್ಕದ್ದೆಂದು ಬಹಿರಂಗ ಕೂಟದಲ್ಲಿ ಮೊದಲು ನಿರ್ಣಯಿಸಬೇಕು. ಆಮೇಲೆ ಬಡವರಿಗೆ ಮನೆ ಕಟ್ಟುವವರಿಗೂ ಉದ್ಯಾನ, ಶಾಲೆಗಳನ್ನು ನಡಿಸುವವರಿಗೂ ತಿಳಿಸಿ, ಉತ್ತರಕ್ಕೆ 60 ದಿನಗಳ ಅವಕಾಶ ಕೊಡಬೇಕು. ಯಾರಾದರೂ ಮುಂದೆ ಬಂದರೆ ಅವರೊಡನೆ 90 ದಿನವಾದರೂ ಯಥಾರ್ಥ ಮನಸ್ಸಿನಿಂದ ಮಾತಾಡಬೇಕು. ಕಾಯಿದೆಯನ್ನು ಮೀರಿ ಮಾರಿದರೆ ಮೊದಲ ಸಾರಿ ಮಾರಾಟದ ಹಣದಲ್ಲಿ ನೂರಕ್ಕೆ 30, ಮತ್ತೆ ಮೀರಿದರೆ 50 ದಂಡವುಂಟು.

ಹೆಚ್ಚು ಬೆಲೆಗೆ ಮಾರಿ ಆ ಹಣದಿಂದಲೇ ಬಡವರಿಗೆ ಮನೆ ಕಟ್ಟಿಸಬಾರದೇ ಎಂದು ಯಾರಾದರೂ ಕೇಳಬಹುದು. ಕಟ್ಟಿಸಬಹುದು. ಆದರೆ ಬೊಕ್ಕಸಕ್ಕೆ ಬಿದ್ದ ಹಣವು ಇತರ ಹಣದೊಂದಿಗೆ ಬೆರೆತು ವರುಷದೊಳಗೆ ಕರಗುವುದು. ಮಾರಿದ ನೆಲವೋ ತಿರುಗಿ ಬಾರದು. ಮುಂದೊಂದು ದಿನ ಶಾಲೆಗೆ ಸ್ಥಳ ಬೇಕಾದರೆ, ಕೊಂಡವನು ಹೇಳಿದ ಬೆಲೆಯನ್ನು ಅದೇ ಪಂಚಾಯತಿಯು ತೆರಬೇಕಾಗುವುದು.

ಇಷ್ಟಾದರೂ ಈ ಎರಡು ಕಾಯಿದೆಗಳಿಗಿಂತ ಮುಂಚೆಯೇ ಒಂದು ಪ್ರಶ್ನೆಯುಂಟು: ನೆಲವು ಮಿಕ್ಕದ್ದೆಂದು ಹೇಳುವವರು ಯಾರು? ನಮ್ಮ ಕರ್ನಾಟಕದ ಗೋಮಾಳವನ್ನೇ ನೋಡಿರಿ. 1966ರ ಭೂಕಂದಾಯ ನಿಯಮಗಳಲ್ಲಿ ನೂರು ದನಗಳಿಗೆ 12 ಹೆಕ್ಟೇರು ಮೇವಿನ ನೆಲವನ್ನು ಗೊತ್ತುಮಾಡಿದೆ. ಕಾಗದದ ಮೇಲೆ ಬರಿದಾಗಿ ಕಾಣುವ ಅಂಥ ನೆಲದಲ್ಲಿ ಒಬ್ಬನ ಆಡುಗಳು ಮೇಯುತ್ತವೆ, ಒಬ್ಬಳು ಒಲೆಗೆ ಪುಳ್ಳೆ ಆರಿಸುತ್ತಾಳೆ. ಅವರಿಗೆ ಅದು ಮಿಕ್ಕದ್ದಲ್ಲ. ಆದರೆ ನಿರ್ಣಯ ಬರೆಯುವ ಮೇಜಿನ ಬಳಿಯಲ್ಲಿ ಅವರಿಲ್ಲ.

ಪಂಜಾಬಿನ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ ಕೆಲವರು ಊರ ಕೆರೆಯನ್ನು ತುಂಬಿಸಿ ಮನೆ ಕಟ್ಟಿದರು. ಬೆಲೆ ತೆಗೆದುಕೊಂಡು ಅದನ್ನು ಸಕ್ರಮಮಾಡುವುದನ್ನು ಸರ್ವೋಚ್ಚ ನ್ಯಾಯಾಲಯವು 2011ನೇ ಜನವರಿ 28ರಂದು ತಳ್ಳಿಹಾಕಿತು. ಊರೊಟ್ಟಿನ ನೆಲವನ್ನು ಊರಿಗೇ ತಿರುಗಿ ಕೊಡಿಸುವಂತೆ ಎಲ್ಲಾ ರಾಜ್ಯಗಳಿಗೂ ಆಜ್ಞಾಪಿಸಿತು. ಆದರೆ ನೆಲವಿಲ್ಲದ ಕೂಲಿಗಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಸರಕಾರವು ಕೊಟ್ಟದ್ದನ್ನು, ಹಾಗೂ ಶಾಲೆ, ಔಷಧಶಾಲೆ ಇರುವ ಸ್ಥಳವನ್ನು ಸಕ್ರಮಮಾಡಬಹುದೆಂದಿತು. ಬೆಲೆ ತೆತ್ತ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಕೊರತೆಯುಳ್ಳವನನ್ನು ಮರೆಯಲೂಬಾರದು ಎಂಬ ಎರಡು ಮಾತುಗಳು ಇಲ್ಲಿ ಕೂಡಿವೆ.

ಆದಕಾರಣ, ವಾಚಕರೇ, ನಿಮ್ಮ ಗ್ರಾಮಸಭೆಯಲ್ಲಿ ಇಂಥ ಮಾತು ಬಂದಾಗ ಸುಮ್ಮನಿರಬೇಡಿರಿ. ಈ ನೆಲವನ್ನು ಇಂದು ಯಾರು ಬಳಸುತ್ತಾರೆ? ಎಲ್ಲರಿಗೂ ತಿಳಿಸಿದ್ದೀರೋ? ನಮ್ಮ ಮಕ್ಕಳಿಗೆ ಏನು ಉಳಿಯುವುದು? ಇವುಗಳನ್ನು ಮರ್ಯಾದೆಯಿಂದ ಕೇಳಿ, ಉತ್ತರವನ್ನು ಬರಹದಲ್ಲಿ ಬೇಡಿರಿ. ಪಾರುಪತ್ಯಗಾರನಿಂದ ಲೆಕ್ಕ ಕೇಳುವುದು ಹಗೆತನವಲ್ಲ. ಅವನು ನಂಬಿಗಸ್ತನಾಗಿ ಉಳಿಯುವದಕ್ಕೆ ಅದು ಸಹಾಯವೇ ಆಗಿದೆ.