ಇದೊಂದು ಮ್ಯಾಚ್ ಮುಗೀಲಿ

ಮಗ ಮೊಬೈಲ್ ಗೇಮಿನ ಚಟಕ್ಕೆ ಬಿದ್ದನೇನೋ ಎಂಬ ದಿಗಿಲು ಹತ್ತಿದ ಅಪ್ಪ ಅಮ್ಮ ಮೊದಲು ಕೇಳುವುದು ಗಂಟೆಗಳ ಲೆಕ್ಕವನ್ನು. ದಿನಕ್ಕೆ ಎಷ್ಟು ಹೊತ್ತು ಆಡಬಹುದು? ಎರಡು ಗಂಟೆಯಾದರೆ ಪರವಾಗಿಲ್ಲವೇ, ನಾಲ್ಕಾದರೆ ಕಾಯಿಲೆಯೇ? ಒಂದು ಸಂಖ್ಯೆ ಸಿಕ್ಕಿಬಿಟ್ಟರೆ ಎಲ್ಲರಿಗೂ ನೆಮ್ಮದಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಲ್ಲಿ ಜಾರಿಗೆ ತಂದ ರೋಗಗಳ ಹೊಸ ವರ್ಗೀಕರಣದಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದಾಗ ಅದರ ಲಕ್ಷಣಗಳಲ್ಲಿ ಗಂಟೆಯ ಮಾತೇ ಇರಲಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲವನ್ನೂ ಹಿಂದಕ್ಕೆ ತಳ್ಳಿ ಆಟವೇ ಮುಂದಾಗುವುದು, ಕೆಡುಕಾಗುತ್ತಿದ್ದರೂ ಆಡುತ್ತಲೇ ಹೋಗುವುದು. ಇವು ಓದು, ಮನೆ, ಗೆಳೆತನಗಳಿಗೆ ಗಟ್ಟಿ ಪೆಟ್ಟು ಕೊಡುವಷ್ಟು ಬಲವಾಗಿ, ಸಾಮಾನ್ಯವಾಗಿ ಒಂದು ವರ್ಷದ ಕಾಲವಾದರೂ ಕಾಣಿಸಿಕೊಂಡಿರಬೇಕು. ಇಷ್ಟನ್ನು ಬರೆಯುವುದಕ್ಕೂ ತಕರಾರು ಬಂದಿತ್ತು. ಆರೋಗ್ಯವಾಗಿರುವ ಹುಡುಗರಿಗೂ ರೋಗಿಯ ಹಣೆಪಟ್ಟಿ ಅಂಟೀತು ಎಂದು ಈ ಕ್ಷೇತ್ರದಲ್ಲೇ ಸಂಶೋಧನೆ ಮಾಡುವ ಹಲವರು ಹೇಳಿದ್ದರು.

ಹಿಡಿತ ತಪ್ಪಿದವನ ಮನಸ್ಸಿನೊಳಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಒಬ್ಬ ಕವಿ ಇಳಿದು ನೋಡಿದ್ದಾನೆ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಮಾತಾಡುವವನು ಜೂಜುಗಾರ. ಹೆಂಡತಿ ದೂರವಾಗಿದ್ದಾಳೆ, ಅತ್ತೆಗೆ ಅವನ ಮುಖ ಕಂಡರಾಗದು. ಹೆತ್ತವರು, ಒಡಹುಟ್ಟಿದವರು ಇವನ್ಯಾರೋ ನಮಗೆ ಗೊತ್ತಿಲ್ಲ, ಕಟ್ಟಿ ಒಯ್ಯಿರಿ ಎಂದುಬಿಡುತ್ತಾರೆ. ಆದರೆ ಸೂಕ್ತದ ತಿರುಳು ಈ ನಷ್ಟಗಳ ಪಟ್ಟಿಯಲ್ಲಿಲ್ಲ. ಇನ್ನು ಆಡುವುದಿಲ್ಲ ಎಂದು ಅವನೇ ನಿಶ್ಚಯಿಸುತ್ತಾನೆ, ಗೆಳೆಯರು ಹೊರಟಾಗ ಜೊತೆಗೆ ಹೋಗದೆ ಉಳಿಯುತ್ತಾನೆ. ದಾಳ ಉರುಳಿದ ಸದ್ದು ಕಿವಿಗೆ ಬಿದ್ದದ್ದೇ ಎದ್ದು ಹೋಗುತ್ತಾನೆ. ಅಮೆರಿಕದ ತತ್ತ್ವಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಒಂದು ಲೇಖನದಲ್ಲಿ ಇದೇ ಗಂಟನ್ನು ಬೇರೆ ದಾರಿಯಿಂದ ಬಿಚ್ಚಿದ. ಬಯಕೆ ಪ್ರಾಣಿಗಳಿಗೂ ಇದೆ. ತನ್ನ ಬಯಕೆಗಳಲ್ಲಿ ಯಾವುದು ಗೆಲ್ಲಬೇಕು ಎಂಬ ಇನ್ನೊಂದು ಬಯಕೆ ಮನುಷ್ಯನಿಗಿದೆ. ಚಟಗಾರನಲ್ಲಿ ಈ ಎರಡನೆಯದು ಮೊದಲನೆಯದರ ಎದುರು ಸೋಲುತ್ತದೆ. ಅಥವಾ ಅವನು ಒಪ್ಪಿಕೊಂಡೇ ಚಟಗಾರನಾಗಿರುತ್ತಾನೆ. ಇಲ್ಲವೇ ಆ ಎರಡನೆಯ ಬಯಕೆ ಅವನಲ್ಲಿ ಹುಟ್ಟಿಯೇ ಇರುವುದಿಲ್ಲ.

ಈ ಕನ್ನಡಿಯನ್ನು ನಮ್ಮ ಮನೆಗಳ ಕಡೆಗೆ ತಿರುಗಿಸಿದರೆ ಒಂದು ಮುಜುಗರದ ಸಂಗತಿ ಕಾಣುತ್ತದೆ. ಬಹುಪಾಲು ಮನೆಗಳಲ್ಲಿ ಆಡಬೇಕೆಂಬ ಬಯಕೆ ಹುಡುಗನದು, ನಿಲ್ಲಿಸಬೇಕೆಂಬ ಬಯಕೆ ಅಪ್ಪ ಅಮ್ಮನದು. ಒಬ್ಬನೊಳಗೇ ನಡೆಯಬೇಕಾದ ಜಗಳ ಇಬ್ಬರ ನಡುವೆ ನಡೆಯುತ್ತಿದೆ. ಅದು ಸಣ್ಣ ಜಗಳ ಎನ್ನುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಊಟ, ನಿದ್ದೆ, ಮಾತು ಮೂರೂ ಅದರಿಂದಲೇ ಕೆಟ್ಟಿವೆ. ಆದರೆ ಅದನ್ನು ಚಟ ಎಂದು ಕರೆದ ಕೂಡಲೇ ನಮಗೊಂದು ಅನುಕೂಲವಾಗುತ್ತದೆ: ತಪ್ಪಿದ್ದರೆ ಅವನ ತಲೆಯಲ್ಲಿದೆ, ಮದ್ದು ಬೇಕಾದ್ದು ಅವನಿಗೆ. (ಇಲ್ಲಿ ‘ಅವನು’ ಎಂದೇ ಬರೆಯುತ್ತಿದ್ದೇನೆ. ಹುಡುಗಿಯರೂ ಆಡುತ್ತಾರೆ. ಆದರೆ ನಮ್ಮಲ್ಲಿ ಮಗಳ ಕೈಗೆ ಫೋನ್ ತಲುಪುವುದೇ ತಡ, ತಲುಪಿದ ಮೇಲೆ ನಡೆಯುವ ಜಗಳದ ಹೆಸರೂ ಬೇರೆ.)

ರಾತ್ರಿ ಒಂಬತ್ತಕ್ಕೆ ಅಮ್ಮ ಊಟಕ್ಕೆ ಕೂಗುತ್ತಾಳೆ. “ಇದೊಂದು ಮ್ಯಾಚ್ ಮುಗೀಲಿ ಅಮ್ಮಾ” ಎಂದು ಒಳಗಿನಿಂದ ಉತ್ತರ. ಹತ್ತು ನಿಮಿಷದ ಮೇಲೆ ಅದೇ ಕೂಗು, ಅದೇ ಉತ್ತರ. ಅಮ್ಮನ ಕಿವಿಗೆ ಇದು ಶುದ್ಧ ಸುಳ್ಳು. ಆದರೆ ಬಿಜಿಎಂಐನಂಥ ಆಟದಲ್ಲಿ ನೂರು ಜನ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುತ್ತಲಿನ ಜೋನ್ ಕುಗ್ಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ಕೊನೆಯವರೆಗೂ ಉಳಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ಸ್ಕ್ವಾಡ್ ಎಂದರೆ ನಾಲ್ವರು. ಇವನು ಎದ್ದು ಹೋದರೆ ಸಾಯುವವರು ಉಳಿದ ಮೂವರು, ಹೆಚ್ಚಿನ ಸಲ ಇವನ ತರಗತಿಯ ಹುಡುಗರೇ. ಕಬಡ್ಡಿಯಲ್ಲಿ ರೇಡಿಗೆ ಹೋದವನನ್ನು ಗೆರೆಯಾಚೆಯಿಂದಲೇ ಊಟಕ್ಕೆ ಎಳೆದುಕೊಂಡು ಬಂದಂತೆ ಅದು. ಅಂದರೆ ಆ ಹೊತ್ತಿನಲ್ಲಿ ಅವನು ಬರೀ ಹಟ ಮಾಡುತ್ತಿಲ್ಲ, ಕೊಟ್ಟ ಮಾತಿಗೆ ನಿಲ್ಲುತ್ತಿದ್ದಾನೆ. ಗೆಳೆಯರಿಗೆ ಮಾತು ಕೊಟ್ಟರೆ ತಪ್ಪಬಾರದು ಎಂದು ಕಲಿಸಿದವರು ನಾವೇ. ಈ ಸಣ್ಣ ವಿಷಯ ಗೊತ್ತಿರುವ ತಾಯಿ ಮ್ಯಾಚ್ ಶುರುವಾಗುವ ಮೊದಲು ಮಾತಾಡುತ್ತಾಳೆ, ಗೊತ್ತಿಲ್ಲದವಳು ನಡುವೆ ಕೂಗುತ್ತಾಳೆ. ಕೂಗಿದವಳು ಸೋತಾಗ ಸೋಲುವುದು ಊಟದ ವೇಳೆ ಮಾತ್ರವಲ್ಲ, ಅವಳ ಮಾತಿಗಿರುವ ತೂಕವೂ.

ಇಷ್ಟು ಹೇಳಿದ ಮೇಲೆ ಆಟದ ಕಂಪನಿಗಳನ್ನು ಬಿಟ್ಟುಬಿಡುವಂತಿಲ್ಲ. ಬ್ರಾಂಜ್‌ನಿಂದ ಕಾಂಕರರ್‌ವರೆಗಿನ ಶ್ರೇಣಿಯ ಮೆಟ್ಟಿಲು ಹತ್ತಿದವನನ್ನು ಪ್ರತಿ ಸೀಸನ್ ಮುಗಿದಾಗ ಕೆಲವು ಮೆಟ್ಟಿಲು ಕೆಳಕ್ಕೆ ಇಳಿಸಲಾಗುತ್ತದೆ. ಗಳಿಸಿದ್ದು ಉಳಿಯಬೇಕಾದರೆ ಮತ್ತೆ ಆಡಬೇಕು. ಆಟದೊಳಗೆ ದುಡ್ಡು ಕೊಟ್ಟು ತೆರೆಯುವ ಬಹುಮಾನದ ಪೆಟ್ಟಿಗೆಯಲ್ಲಿ ಏನು ಬರುತ್ತದೋ ತಿಳಿಯದು. ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಊಹಿಸಲಾಗದಂತೆ ಮಾಡಿದಾಗ ಹಕ್ಕಿ ಬಿಡದೆ ಕುಕ್ಕುತ್ತಿತ್ತು, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಆ ಪೆಟ್ಟಿಗೆಗಳ ಹಿಂದಿರುವುದು ಇದೇ ಸೂತ್ರ. ಬೆಲ್ಜಿಯಂ 2018ರಲ್ಲಿ ಅವನ್ನು ಜೂಜೆಂದೇ ಕರೆಯಿತು. ಹಾಗಾಗಿ ಎದುರಿಗೆ ಕೂತಿರುವುದು ಹುಡುಗನ ದುರ್ಬಲ ಮನಸ್ಸೊಂದೇ ಅಲ್ಲ, ಅವನು ಏಳದಂತೆ ನೋಡಿಕೊಳ್ಳಲು ಸಂಬಳ ಪಡೆಯುವ ಜಾಣರ ಪಡೆ.

ಸರಿ, ಕಾನೂನೇ ಬರಲಿ ಎನ್ನಬಹುದು. ಬಂದಿದೆ. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರು ತುಂಬದವರು ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ ಎಂದಿತು. ಹತ್ತು ವರ್ಷ ನಡೆಸಿ ಕೈಬಿಟ್ಟಿತು. ಚೀನಾ 2019ರಲ್ಲಿ ಮಕ್ಕಳಿಗೆ ವಾರದ ದಿನಗಳಲ್ಲಿ ಒಂದೂವರೆ ಗಂಟೆಯ ಮಿತಿ ಹಾಕಿತು. ಕೋಟಿಗಟ್ಟಲೆ ಗಂಟೆಗಳ ಆಟದ ದಾಖಲೆ ಜಾಲಾಡಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಆ ಮಿತಿಯಿಂದ ವಿಪರೀತ ಆಡುವುದು ತಗ್ಗಿದ ಪುರಾವೆ ಸಿಗಲಿಲ್ಲ. ಅಷ್ಟರಲ್ಲಿ, 2021ರಲ್ಲೇ, ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು ಎಂದು ಚೀನಾ ಹಗ್ಗವನ್ನು ಇನ್ನೂ ಬಿಗಿದಿತ್ತು. ನಮ್ಮಲ್ಲಿ ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. ಕಾರಣ ಮಕ್ಕಳಲ್ಲ, ಚೀನಾ ಗಡಿಯ ಬಿಸಿ ಮತ್ತು ಮಾಹಿತಿಯ ಸುರಕ್ಷತೆ. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರಲ್ಲಿ ಹೋಯಿತು, 2023ರಲ್ಲಿ ಮತ್ತೆ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇತ್ತು, ಪೋಷಕರ ಫೋನಿಗೆ ಒಟಿಪಿ ಹೋಗುವ ವ್ಯವಸ್ಥೆ ಇತ್ತು. ಅಪ್ಪನ ಫೋನಿನಲ್ಲೇ ಆಡುವ ಹುಡುಗನಿಗೆ ಅಪ್ಪನ ಒಟಿಪಿ ಎಷ್ಟು ದೂರ?

ಕಾನೂನು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ನಿಷೇಧಿಸಿದ್ದಕ್ಕೆ ಕಾರಣಗಳಿವೆ, ಪೆಟ್ಟಿಗೆ ಮಾರುವ ಕಂಪನಿಗೂ ಲಗಾಮು ಬೇಕು. ಆದರೆ ಕಾನೂನು ಮುಟ್ಟುವುದು ಮೊದಲ ಬಯಕೆಯನ್ನು, ಅದಕ್ಕೆ ಅಡ್ಡಗೋಡೆ ಕಟ್ಟುವ ಮೂಲಕ. ನಿಲ್ಲಿಸಬೇಕೆಂಬ ಎರಡನೆಯ ಬಯಕೆಯನ್ನು ಯಾವ ಸರ್ಕಾರವೂ ಒಬ್ಬನೊಳಗೆ ಹುಟ್ಟಿಸಲಾರದು. ಅಪ್ಪ ಅಮ್ಮ ಹುಟ್ಟಿಸಬಲ್ಲರೇ ಎಂಬುದೇ ಪ್ರಶ್ನೆ.

ಇಲ್ಲಿ ನನಗೆ ಅಕ್ಷಸೂಕ್ತಕ್ಕಿಂತ ಸಭಾಪರ್ವ ಹೆಚ್ಚು ಕಾಡುತ್ತದೆ. ದ್ಯೂತದ ಕಥೆಯಲ್ಲಿ ನಾವು ಧರ್ಮರಾಯನನ್ನು ನೋಡುತ್ತೇವೆ, ಶಕುನಿಯನ್ನು ನೋಡುತ್ತೇವೆ. ಪಕ್ಕದಲ್ಲಿ ಕೂತ ಅಪ್ಪನನ್ನು ಅಷ್ಟಾಗಿ ನೋಡುವುದಿಲ್ಲ. ಆಟ ಶುರುವಾಗುವುದೇ ಆ ಅಪ್ಪನಿಂದ. ಇಂದ್ರಪ್ರಸ್ಥದಿಂದ ಮರಳಿದ ದುರ್ಯೋಧನ ಹೊಟ್ಟೆಕಿಚ್ಚಿನಿಂದ ಸೊರಗಿ ಬಿಳಿಚಿಕೊಂಡಿದ್ದಾನೆ. ಧೃತರಾಷ್ಟ್ರ ಕಾರಣ ಕೇಳುತ್ತಾನೆ, ಬುದ್ಧಿವಾದವನ್ನೂ ಹೇಳುತ್ತಾನೆ, ಮಗನ ಸಂಕಟ ನೋಡಲಾರದೆ ಕೊನೆಗೆ ಒಪ್ಪಿ ಸಭೆ ಕಟ್ಟಿಸುತ್ತಾನೆ. ಮಗನ ದುಃಖಕ್ಕೆ ಅಪ್ಪ ಕೊಟ್ಟ ಮದ್ದೇ ಆಟ. ಪುಟ್ಟ ಮಗು ಅತ್ತಾಗ, ಹೋಟೆಲಿನಲ್ಲಿ ರಂಪ ಮಾಡಿದಾಗ, ನಾವು ದುಡಿದು ಸುಸ್ತಾಗಿ ಬಂದಾಗ ಅದರ ಕೈಗೆ ಫೋನ್ ಇಟ್ಟವರು ಯಾರು? ಹನ್ನೆರಡು ವರ್ಷ ಸಂಕಟಕ್ಕೆಲ್ಲ ಪರದೆಯೇ ಮದ್ದೆಂದು ಕಲಿಸಿ, ಹದಿಮೂರನೆಯ ವರ್ಷ ಅದೇ ಮದ್ದು ವಿಷ ಎಂದರೆ ಅವನು ಯಾವುದನ್ನು ನಂಬಬೇಕು? ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿಗೆ ಈ ಪ್ರಶ್ನೆ ಹಾಕಲು ನನಗೆ ಬಾಯಿ ಬರುವುದಿಲ್ಲ. ಅವಳ ಪಾಲಿಗೆ ಆ ಫೋನೇ ಮಗುವನ್ನು ನೋಡಿಕೊಂಡ ಅಜ್ಜಿ. ಪೋಷಕರ ಪಾತ್ರ ಎಂದು ಭಾಷಣ ಮಾಡುವವರು ಸಾಮಾನ್ಯವಾಗಿ ಮನೆಯಲ್ಲಿ ಇನ್ನೊಬ್ಬರು ಇರುವವರು.

ಆಟ ನಡೆಯುವಾಗ ಆ ಅಪ್ಪ ಮಾಡಿದ್ದು ಇನ್ನೂ ಘೋರ. ದ್ರೌಪದಿಯನ್ನೇ ಪಣಕ್ಕಿಟ್ಟ ಹೊತ್ತಿನಲ್ಲಿ ಗೆದ್ದಾಯಿತೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಾನೆ. ಸಂತೋಷ ಮುಚ್ಚಿಡಲೂ ಆಗುವುದಿಲ್ಲ. ಆಟದ ಬಗ್ಗೆ, ಆಡುವವನ ಬಗ್ಗೆ ಅವನಿಗೆ ಕೇಳಲು ಇರುವುದು ಅಂಕ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟ್, ಸಿಇಟಿಯಲ್ಲಿ ಎಷ್ಟನೇ ರ್‍ಯಾಂಕ್, ಪಕ್ಕದ ಮನೆಯವನಿಗೆ ಎಷ್ಟು ಎಂದು ಕೇಳಿ ಕೇಳಿ ಬೆಳೆಸಿದ ಹುಡುಗ ರ್‍ಯಾಂಕನ್ನೇ ಬದುಕಿನ ಅಳತೆ ಎಂದುಕೊಂಡರೆ ಅದು ಗೇಮಿನಿಂದ ಕಲಿತದ್ದಲ್ಲ, ಮನೆಯಲ್ಲೇ ಕಲಿತದ್ದು. ಗೇಮಿನ ರ್‍ಯಾಂಕಿನಲ್ಲಿ ಒಂದು ಪ್ರಾಮಾಣಿಕತೆಯೂ ಇದೆ. ಏನು ಮಾಡಿದರೆ ಮೇಲೇರುತ್ತಾನೆಂಬುದು ಅಲ್ಲಿ ಸ್ಪಷ್ಟ, ಸೋತರೆ ಎರಡು ನಿಮಿಷದಲ್ಲಿ ಮತ್ತೆ ಶುರು ಮಾಡಬಹುದು, ಸೋತವನನ್ನು ನೆಂಟರ ಮುಂದೆ ನಿಲ್ಲಿಸಿ ಯಾರೂ ಮಾತಾಡುವುದಿಲ್ಲ. ಗಣಿತದಲ್ಲಿ ಹಿಂದೆ ಬಿದ್ದವನಿಗೆ ಊರಿನಲ್ಲಿ ಎಲ್ಲೂ ಸಿಗದ ಗೌರವ ಅಲ್ಲಿ ಸಿಗುತ್ತದೆ. ಅದನ್ನು ಕಿತ್ತುಕೊಳ್ಳುವ ಮೊದಲು ಅದರ ಜಾಗದಲ್ಲಿ ಏನಿಡುತ್ತೇವೆ ಎಂದು ಯೋಚಿಸದಿದ್ದರೆ ನಾವು ಚಟ ಬಿಡಿಸುತ್ತಿಲ್ಲ, ಅವನನ್ನು ಬರಿಗೈ ಮಾಡುತ್ತಿದ್ದೇವೆ.

ಹಾಗಾದರೆ ಅಪ್ಪ ಅಮ್ಮನಿಗೆ ಅಧಿಕಾರವೇ ಇಲ್ಲವೇ? ಇದೆ. ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಅಷ್ಟು ಗಟ್ಟಿಯಾಗಿ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ತನ್ನ ತತ್ತ್ವ ಮಕ್ಕಳಿಗೆ ಅನ್ವಯಿಸದು ಎಂದು ಬಿಡಿಸಿ ಹೇಳಿದ. ಎಂಟರ ಮಗುವಿನ ಕೈಯಿಂದ ಫೋನ್ ತೆಗೆದಿಡಲು ಯಾರ ಅಪ್ಪಣೆಯೂ ಬೇಡ. ಕಷ್ಟ ಇರುವುದು ಹದಿನೈದರಲ್ಲಿ. ಅಲ್ಲಿ ಅವನು ಮಗುವೂ ಅಲ್ಲ, ಪೂರ್ತಿ ಗಂಡಸೂ ಅಲ್ಲ. ಎರಡನೆಯ ಬಯಕೆ ಮೊಳೆಯುವ ವಯಸ್ಸು ಅದು. ನನ್ನ ಮಟ್ಟಿಗೆ ಆ ವಯಸ್ಸಿನಲ್ಲಿ ಹಿರಿಯರಿಗೆ ಒಪ್ಪುವ ಅಧಿಕಾರ ಒಂದೇ ಬಗೆಯದು: ಅವನ ನಿಶ್ಚಯವನ್ನು ಅವನ ಪರವಾಗಿ ಕಾಯುವುದು. ಆಟ ಇಲ್ಲದ, ಜಗಳವೂ ಇಲ್ಲದ ಒಂದು ಮಧ್ಯಾಹ್ನ “ಹತ್ತೂವರೆ ಆದ್ಮೇಲೆ ಫೋನ್ ನಿನ್ ಹತ್ರಾನೇ ಇಟ್ಕೊ ಅಪ್ಪಾ, ನಾನ್ ಕೇಳಿದ್ರೂ ಕೊಡ್ಬೇಡ” ಎಂದು ಮಗ ಹೇಳಿದ್ದರೆ, ರಾತ್ರಿ ಅವನು ರೇಗಾಡಿದರೂ ಅಪ್ಪ ಕೊಡದೆ ಇರುವುದು ದಬ್ಬಾಳಿಕೆಯಲ್ಲ. ಅಕ್ಷಸೂಕ್ತದ ಜೂಜುಗಾರನಿಗೆ ಇಲ್ಲದೆ ಹೋದದ್ದು ಅಂಥ ಒಬ್ಬ ಮನುಷ್ಯ. ಅವನ ನಿಶ್ಚಯ ಕೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಆ ಮಧ್ಯಾಹ್ನದ ಮಾತು ಬರಬೇಕಾದರೆ ಅಪ್ಪನಿಗೆ ಜೋನ್ ಎಂದರೇನೆಂದು ಗೊತ್ತಿರಬೇಕು. ಯಾವ ಗೆಳೆಯ ಸ್ಕ್ವಾಡಿನಲ್ಲಿ ಮೋಸ ಮಾಡಿದ, ಯಾವ ರಾತ್ರಿ ರ್‍ಯಾಂಕ್ ಹೋಯಿತು ಎಂದು ಹುಡುಗ ಹೇಳಿಕೊಂಡಾಗ ನಗಬಾರದು. ಆಟವೇ ಬೇಸರವಾಗಿ ಹೋಯಿತು, ಆದರೂ ಬಿಡಲಾಗುತ್ತಿಲ್ಲ ಎಂಬ ಮಾತು ಎಷ್ಟೋ ಹುಡುಗರ ಬಾಯಿಯ ತುದಿಯಲ್ಲೇ ಇರುತ್ತದೆ. ಅದು ಹೊರಬಿದ್ದ ಮರುಗಳಿಗೆ “ನಾನ್ ಆವಾಗ್ಲೇ ಹೇಳಿರ್ಲಿಲ್ವಾ” ಎಂದುಬಿಟ್ಟರೆ ಮುಗಿಯಿತು. ಅವನ ನಿಶ್ಚಯ ನಮ್ಮ ಗೆಲುವಾಗಿಬಿಡುತ್ತದೆ, ಇನ್ನು ಅದನ್ನು ಅವನು ಉಳಿಸಿಕೊಳ್ಳುವುದಿಲ್ಲ. ಕೆಲವರ ವಿಷಯದಲ್ಲಿ ಆಟದ ಕೆಳಗೆ ಬೇರೆಯೇ ಇರುತ್ತದೆ: ಖಿನ್ನತೆ, ಶಾಲೆಯ ಹಿಂಸೆ, ಮನೆಯ ಮುರುಕು. ಅಲ್ಲಿ ಅಪ್ಪ ಅಮ್ಮನ ಜಾಣತನ ಸಾಲದು, ವೈದ್ಯರು ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ತಂತ್ರಜ್ಞಾನದ ಗೀಳಿಗೆಂದು ಶಟ್ ಕ್ಲಿನಿಕ್ ನಡೆಸುತ್ತಿದೆ.

ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆ ಮಧ್ಯಾಹ್ನ ಬರಲೇ ಇಲ್ಲ ಎನ್ನೋಣ. ಹುಡುಗ ಒಪ್ಪಿಕೊಂಡೇ ಆಡುತ್ತಾನೆ, ನಿದ್ದೆ ಕೆಟ್ಟಿದೆ, ಹಾಜರಿ ಇಲ್ಲ, ಪಿಯುಸಿ ಕೈತಪ್ಪುತ್ತಿದೆ. ಕಾಯುತ್ತಾ ಕೂರಬೇಕೇ? ಕೂರಬಾರದು. ಎರಡನೆಯ ಸಲ ದ್ಯೂತಕ್ಕೆ ಕರೆ ಹೋದಾಗ ಗಾಂಧಾರಿ ಮಗನನ್ನೇ ತೊರೆದುಬಿಡು ಎಂದಳು. ಧೃತರಾಷ್ಟ್ರ ಕುಲ ನಾಶವಾದರೂ ಆಗಲಿ, ನಾನು ತಡೆಯಲಾರೆ ಎಂದ. ತೊರೆಯುವುದು, ಕೈಚೆಲ್ಲುವುದು, ಎರಡೂ ಬೇಡ ಎನ್ನುವ ಅಪ್ಪ ವೈಫೈ ಕಿತ್ತಿಡಬೇಕಾದೀತು, ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಬೇಕಾದೀತು. ಆದರೆ ಅದನ್ನು ಬಲಪ್ರಯೋಗ ಎಂದೇ ಒಪ್ಪಿಕೊಂಡು ಮಾಡಲಿ. “ಇದು ನಿನಗೆ ಇಷ್ಟವಿಲ್ಲ, ನನಗೆ ಗೊತ್ತು, ಆದರೂ ಮಾಡುತ್ತಿದ್ದೇನೆ” ಎಂದರೆ ಹುಡುಗನಿಗೆ ಸಿಟ್ಟಾಗಲು ಹಕ್ಕು ಉಳಿಯುತ್ತದೆ. ಪ್ರೀತಿಯ ಹೆಸರಿಟ್ಟು ಬೀಗ ಹಾಕಿದರೆ ಆ ಹಕ್ಕೂ ಹೋಗುತ್ತದೆ, ಮುಂದೆ ಪ್ರೀತಿಯ ಹೆಸರು ಕೇಳಿದಾಗಲೆಲ್ಲ ಅವನಿಗೆ ಬೀರುವಿನ ನೆನಪಾಗುತ್ತದೆ.

ಬೀಗಕ್ಕೂ ಅವಧಿಯಿದೆ. ಹದಿನೆಂಟು ತುಂಬಿದವನಿಗೆ ಬಿಜಿಎಂಐ 2023ರಲ್ಲಿ ಇಟ್ಟ ಮಿತಿ ಮೂರಲ್ಲ, ಆರು ಗಂಟೆ; ಅಪ್ಪನ ಒಟಿಪಿಯೂ ಬೇಕಿಲ್ಲ. ಅಷ್ಟರಲ್ಲಿ ಅವನು ಮೈಸೂರಿನದೋ ಹುಬ್ಬಳ್ಳಿಯದೋ ಹಾಸ್ಟೆಲ್ ಸೇರಿರುತ್ತಾನೆ, ಊಟಕ್ಕೆ ಕೂಗುವವರು ಅಲ್ಲಿ ಯಾರೂ ಇರುವುದಿಲ್ಲ.