ಮೊಳೆ ಎತ್ತಿಕೊಟ್ಟವಳು

ಮನೆ ಕಟ್ಟಿ ನೋಡು ಎನ್ನುತ್ತೇವಲ್ಲ, ಅಮೆರಿಕದ ಸಿಯರ್ಸ್ ರೋಬಕ್ ಕಂಪನಿ 1908ರಿಂದ 1940ರವರೆಗೆ ಹೊಲಿಗೆ ಯಂತ್ರದಂತೆ ಮನೆಯನ್ನೂ ಕ್ಯಾಟಲಾಗಿನಲ್ಲಿ ಮಾರಿತು! ತೊಲೆ, ಕಿಟಕಿ, ಮೊಳೆ, ಬಣ್ಣ ಎಲ್ಲ ರೈಲಿನಲ್ಲಿ ಬರುತ್ತಿದ್ದವು. ಬರಬರುತ್ತಾ ತೊಲೆಗಳನ್ನು ಅಳತೆಗೆ ಕೊಯ್ದು, ಅಂಕಿ ಹಾಕಿಯೇ ಕಳಿಸತೊಡಗಿದರು. ಎಷ್ಟೋ ಜನ ನೆಂಟರಿಷ್ಟರನ್ನು ಸೇರಿಸಿಕೊಂಡು ತಾವೇ ಕಟ್ಟಿಕೊಂಡರು. ಸಾಲವನ್ನೂ ಕಂಪನಿಯೇ ಕೊಟ್ಟಿತು.

1929ರ ನಂತರ ಕೆಲಸ ಕಳೆದುಕೊಂಡವರು ಕಂತು ಕಟ್ಟಲಾಗದಿದ್ದಾಗ, ಅದೇ ಕಂಪನಿ ಹಲವರ ಮನೆಗಳನ್ನು ಜಪ್ತಿ ಮಾಡಿತು. ಕರಾರಿನ ಪ್ರಕಾರ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ಸುತ್ತಿಗೆ ಹಿಡಿದ ಗಂಡನಿಗೆ ಮೊಳೆ ಎತ್ತಿಕೊಡುತ್ತಾ ನಿಂತಿದ್ದವಳ ಎದುರು ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಕೆಲಸವನ್ನು ಯಾವ ಕರಾರೂ ಬರೆದುಕೊಂಡಿರಲಿಲ್ಲ.

ಕಂಪನಿಯ ಮಾರಾಟದ ದಾಖಲೆಗಳೂ ಮುಂದೆ ನಾಶವಾದವು. ಈಗ ಅಂಥ ಮನೆಗಳನ್ನು ಪತ್ತೆ ಹಚ್ಚುವವರು ನೆಲಮಾಳಿಗೆಗೆ ಇಳಿದು, ಬ್ಯಾಟರಿ ಬಿಟ್ಟು, ತೊಲೆಗಳ ಮೇಲಿನ ಅಂಕಿ ಹುಡುಕುತ್ತಾರೆ.